ಸಹಾಯ ಬೇಕು: ಹುಳದ ಮೊಟ್ಟೆ ಸಿಗಲಿಲ್ಲ ಅಂದರೆ ಹುಳವೇ ಇರಲಿಲ್ಲ ಅಂತಲೇ?

ಎಲ್ಲರಿಗೂ ನಮಸ್ಕಾರ. ಹಳೆಯ ಕಾಲದವರ ಹೊಟ್ಟೆಹುಳಗಳ ಬಗ್ಗೆ ಸಣ್ಣ ಲೇಖನ ಬರೆಯುತ್ತಿದ್ದೇನೆ. (ಊಟದ ಹೊತ್ತಲ್ಲಿ ಓದಬೇಡಿ!) ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

1485ರಲ್ಲಿ ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನಲ್ಲಿ ಸಿಕ್ಕಿತಲ್ಲ, ಅವನ ಸೊಂಟದ ಮೂಳೆಯ ಹತ್ತಿರದ ಮಣ್ಣಿನಲ್ಲಿ ಜಂತುಹುಳದ ಮೊಟ್ಟೆಗಳಿದ್ದವು. ತಲೆಬುರುಡೆಯ ಹತ್ತಿರದ ಮಣ್ಣಿನಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಅವು ಅವನ ಕರುಳಿನವೇ ಅಂದರು. ಇಲ್ಲಿವರೆಗೆ ಸರಿ.

ಆದರೆ ದನ, ಹಂದಿ, ಮೀನನ್ನು ಸರಿಯಾಗಿ ಬೇಯಿಸದೆ ತಿಂದರೆ ಬರುವ ಲಾಡಿಹುಳಗಳ ಮೊಟ್ಟೆ ಸಿಗಲಿಲ್ಲ. ಅದಕ್ಕೆ ರಾಜನ ಊಟ ಚೆನ್ನಾಗಿ ಬೆಂದಿರುತ್ತಿತ್ತು ಅಂತ ಊಹಿಸಿದ್ದಾರೆ. ನನ್ನ ತಲೆ ಕೆಟ್ಟಿದ್ದು ಇಲ್ಲೇ. ಜಂತುಹುಳದ ಮೊಟ್ಟೆಯ ಚಿಪ್ಪು ತುಂಬಾ ಗಟ್ಟಿ, ಅದು ಉಳಿಯಿತು. ಎಲ್ಲ ಹುಳದ ಮೊಟ್ಟೆಗಳೂ 500 ವರ್ಷ ಹಾಗೇ ಉಳಿಯುತ್ತವಾ? ಕೊಳೆತು ಹೋಗಿರಬಹುದು ಅಲ್ವಾ? ನಾಲ್ಕೈದು ಲೇಖನ ಓದಿದೆ. ಎಲ್ಲದರಲ್ಲೂ ಸಿಕ್ಕಿದ್ದರ ಮಾತೇ ಜಾಸ್ತಿ, ಸಿಗದಿದ್ದರ ಬಗ್ಗೆ ಒಂದು ಸಾಲು ಅಷ್ಟೇ.

ಈ ವಿಷಯ ಓದಿದವರು ಯಾರಾದರೂ ಹೇಳಿ: ಲಾಡಿಹುಳ ಇರಲೇ ಇಲ್ಲವೋ, ಇದ್ದ ಮೊಟ್ಟೆ ಮಣ್ಣಲ್ಲಿ ಕರಗಿತೋ ಅಂತ ಹೇಗೆ ತೀರ್ಮಾನಿಸುತ್ತಾರೆ? ಮೊಟ್ಟೆ ಕಾಣದ ಮಣ್ಣಲ್ಲೂ ಡಿಎನ್‌ಎ ಪರೀಕ್ಷೆಯಿಂದ ಇದು ಗೊತ್ತಾಗುತ್ತದಾ?