ನೀರು ಎಲ್ಲಿ ಹೋಗುತ್ತಿದೆ? ಸೋರಿಕೆ ಸೆನ್ಸರ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಆಶ್ರಮ ರಸ್ತೆ, ವಿಜಯಪುರ)

ನಮಸ್ಕಾರ ರೀ. ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ 6000 ಲೀಟರಿನ ಸಂಪು, ಮಾಳಿಗೆ ಮೇಲೆ 1000 ಲೀಟರಿನ ಟಾಕಿ. ನಳ ಬಂದ ದಿನ ಸಂಪು ತುಂಬಿಸಿಟ್ಟರೆ ಮುಂದಿನ ಸಲ ನಳ ಬರುವವರೆಗೆ ಸಾಕಾಗುತ್ತಿತ್ತು. ಎರಡು ತಿಂಗಳಿಂದ ಒಂದು ದಿನ ಮೊದಲೇ ತಳ ಕಾಣುತ್ತಿದೆ. ಕಡಿಮೆ ಬಿದ್ದಾಗ ಬೋರಿನ ಸವಳು ನೀರು ಬಿಡುತ್ತೇವೆ. ಮನೆಯಲ್ಲಿ ನಾವಿಬ್ಬರು, ಸೊಸೆ, ಮೊಮ್ಮಗಳು, ನಾಲ್ಕೇ ಜನ. ನೆಲ ಎಲ್ಲೂ ಒದ್ದೆಯಾಗಿಲ್ಲ, ಗೋಡೆಗೂ ತೇವ ಇಲ್ಲ.

ಮಗ ಪುಣೆಯಲ್ಲಿದ್ದಾನೆ. "ಅಪ್ಪಾ, ನೀರು ಸೋರಿದರೆ ಫೋನಿಗೆ ಸುದ್ದಿ ಬರೋ ಸೆನ್ಸರ್ ನಾಲ್ಕು ಕಳಿಸ್ತೀನಿ, ತಾನೇ ಬಂದ್ ಆಗೋ ವಾಲ್ವೂ ಕಳಿಸ್ತೀನಿ" ಅನ್ನುತ್ತಾನೆ. ತರಿಸಲಾ, ಬೇಡವಾ?

ಉತ್ತರ

ಕಾಕಾ, ಎಂಟು ದಿನ ತಡಿ ಅಂತ ಮಗನಿಗೆ ಹೇಳಿ. ನಾನು ಪ್ಲಂಬಿಂಗ್ ಕೆಲಸಕ್ಕೆ ಬಂದು ಹದಿನೇಳು ವರ್ಷ ಆಯ್ತು. ಈ ಸೆನ್ಸರ್ ಕೂರಿಸೋದು ಶುರು ಮಾಡಿ ನಾಲ್ಕು ವರ್ಷ. ಸೆನ್ಸರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಿಮ್ಮ ಮನೆಯ ರೋಗಕ್ಕೆ ಅದು ಔಷಧ ಅಲ್ಲ, ಅಷ್ಟೇ.

ಆ ಡಬ್ಬಿ ತಿರುಗಿಸಿ ನೋಡಿದರೆ ಕೆಳಗೆ ಲೋಹದ ಎರಡು ಮೊಳೆ ತಲೆ ಕಾಣುತ್ತವೆ. ನೆಲದ ಮೇಲೆ ಹರಿದು ಬಂದ ನೀರು ಎರಡನ್ನೂ ಮುಟ್ಟಿದಾಗ ಚೂರು ಕರೆಂಟ್ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಆಗ ಅದು ಕೂಗುತ್ತದೆ. ಇಟ್ಟ ಜಾಗಕ್ಕೆ ನೀರು ಬಂತು ಅಂತ ಮಾತ್ರ ಅದಕ್ಕೆ ಗೊತ್ತು. ನಿಮ್ಮ ನೀರು ನೆಲಕ್ಕೆ ಬೀಳುತ್ತಲೇ ಇಲ್ಲವಲ್ಲ! ಕಾಣದ ಹಾಗೆ ಹೋಗಲಿಕ್ಕೆ ಮೂರು ದಾರಿ ಇವೆ. ಫ್ಲಶ್ ಟ್ಯಾಂಕಿನಿಂದ ನೇರ ಗಟಾರಕ್ಕೆ, ಸಂಪಿನ ಬಿರುಕಿನಿಂದ ಮಣ್ಣಿಗೆ, ಇಲ್ಲ ಟಾಕಿಯ ಓವರ್‌ಫ್ಲೋ ಪೈಪಿನಿಂದ ಮಳೆನೀರಿನ ಪೈಪಿಗೆ.

ಇವತ್ತು ರಾತ್ರಿ ದುಡ್ಡಿಲ್ಲದೆ ಎರಡು ಕೆಲಸ ಮಾಡಿ. ಮೊದಲನೆಯದು, ಎಲ್ಲರೂ ಮಲಗಿದ ಮೇಲೆ ಪ್ರತಿ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಹಾಕಿ. ಕುಂಕುಮ ಬೇಡ, ಕರಗದೆ ತಳಕ್ಕೆ ಕೂರುತ್ತದೆ. ಅರ್ಧ ತಾಸು ಯಾರೂ ಫ್ಲಶ್ ಮಾಡಬಾರದು. ಆಮೇಲೆ ಬ್ಯಾಟರಿ ಹಿಡಿದು ಕಮೋಡಿನೊಳಗೆ ನೋಡಿ. ಎರಡನೆಯದು, ಮೋಟರ್ ಬಂದ್ ಮಾಡಿ, ನಳದ ವಾಲ್ವೂ ಬಂದ್ ಮಾಡಿ, ಸಂಪಿನ ಒಳಗೋಡೆಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಿಗ್ಗೆ ನೀರು ಗೆರೆಯಲ್ಲೇ ಇದ್ದರೆ ಸಂಪು ಗಟ್ಟಿಯಿದೆ.

ಮತ್ತೆ ಅವರೇ (ಎರಡು ದಿನದ ನಂತರ)

ಸಿಕ್ಕಿತು ರೀ! ಸಂಪಿನ ಗೆರೆ ಹಾಗೇ ಇತ್ತು. ಕೆಳಗಿನ ಎರಡು ಕಮೋಡ್ ಸ್ವಚ್ಛ. ಮೇಲಿನ ಕೋಣೆಯದು ಮಗ ಬಂದಾಗ ಮಾತ್ರ ಬಳಸುವಂಥದ್ದು. ಅದನ್ನು ನೋಡಲೋ ಬೇಡವೋ ಅಂದುಕೊಂಡೇ ಬಣ್ಣ ಹಾಕಿದ್ದೆ. ನೋಡಿದರೆ ಹಿಂದಿನ ಬದಿಗೆ ಅಂಟಿಕೊಂಡು ದಾರದಷ್ಟು ಸಣ್ಣ ಕೇಸರಿ ಗೆರೆ ಇಳಿಯುತ್ತಿತ್ತು. ಸಪ್ಪಳವೇ ಇಲ್ಲ. ಕೈಯಿಟ್ಟರೂ ಹರಿಯುತ್ತಿರೋದು ಗೊತ್ತಾಗಲಿಲ್ಲ. ಇಷ್ಟು ಸಣ್ಣದರಿಂದ ಒಂದು ದಿನದ ನೀರು ಹೋಗುತ್ತಾ?

ಉತ್ತರ

ಹೋಗುತ್ತೆ ಕಾಕಾ. ಹತ್ತು ನಿಮಿಷಕ್ಕೆ ಒಂದು ಲೋಟ, ಅಂದರೆ ಕಾಲು ಲೀಟರ್ ಹೋದರೆ ತಾಸಿಗೆ ಒಂದೂವರೆ ಲೀಟರ್, ದಿನಕ್ಕೆ 36 ಲೀಟರ್. ಅದು ಬರೀ ಹನಿಯ ಲೆಕ್ಕ. ದಾರದ ಹಾಗೆ ಇಳಿಯುತ್ತಿದೆ ಅಂದರೆ ಅದರ ಮೂರ್ನಾಲ್ಕು ಪಟ್ಟು ಆಗಬಹುದು. ಬಳಸುವ ಕಮೋಡ್ ಆದರೆ ಯಾರಾದರೂ ಒಬ್ಬರು ಗಮನಿಸುತ್ತಿದ್ದರು. ಬಳಸದ ಕೋಣೆ ಬಾಗಿಲು ಹಾಕಿಕೊಂಡು ಹಗಲು ರಾತ್ರಿ ನೀರು ಕುಡಿಯುತ್ತಿತ್ತು.

ಫ್ಲಶ್ ಟ್ಯಾಂಕಿನ ತಳದ ರಬ್ಬರ್ ವಾಷರ್ ತೆಗೆದು ಬೆರಳಾಡಿಸಿ. ಮರಳು ಕಾಗದದ ಹಾಗೆ ತರಿತರಿ ಸಿಗುತ್ತದೆ. ಸವಳು ನೀರಿನ ಬಿಳಿ ಪೊರೆ ಅದು. ವಾಷರ್ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಜಾರುತ್ತದೆ.

ಇನ್ನು ಮಗನಿಗೆ ಏನು ಹೇಳಬೇಕು ಅಂತ ಕೇಳುತ್ತೀರಲ್ವಾ? ಕಳಿಸೋದಾದರೆ ಮೊದಲು ಟಾಕಿಯ ಮಟ್ಟ ಅಳೆಯುವ ಸೆನ್ಸರ್ ಒಂದು ಕಳಿಸಲಿ. ನೆಲದ ಸೆನ್ಸರ್ ಆಮೇಲೆ. ವಾಲ್ವ್ ಎಲ್ಲಕ್ಕಿಂತ ಕೊನೆಗೆ. ನಮ್ಮ ಕಡೆಯ ಮನೆಗಳಿಗೆ ನಾನು ಹೇಳೋದು ಇದೇ ಸಾಲು.

ಯಾಕಂದರೆ ನಮ್ಮ ಮನೆಯ ನೀರೆಲ್ಲ ಟಾಕಿಯಿಂದಲೇ ಇಳಿಯಬೇಕು. ಗಟಾರಕ್ಕೆ ಹೋಗಲಿ, ಗೋಡೆಯೊಳಗೆ ಹೋಗಲಿ, ಟಾಕಿಗೆ ಗೊತ್ತಾಗಿಯೇ ತೀರುತ್ತದೆ. ಒಳಗೆ ಒಂದು ಮೀಟರ್ ಅಗಲ ಇರುವ ಗುಂಡು ಟಾಕಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚು ಕಡಿಮೆ 8 ಲೀಟರ್ ಹೋದ ಹಾಗೆ. ರಾತ್ರಿ 1ರಿಂದ 4ರವರೆಗೆ ಯಾರೂ ನಳ ತಿರುಗಿಸುವುದಿಲ್ಲ. ಫೋನಿನಲ್ಲಿ ಆ ಮೂರು ತಾಸಿನ ಗೆರೆ ಹಾಸಿದ ಚಾಪೆಯ ಹಾಗೆ ಸಪಾಟಾಗಿರಬೇಕು. ಯಾರಾದರೂ ಎದ್ದು ಬಚ್ಚಲಿಗೆ ಹೋದರೆ ಒಂದು ಮೆಟ್ಟಿಲು ಕಾಣುತ್ತದೆ, ಮತ್ತೆ ಸಪಾಟು. ಮೆಟ್ಟಿಲಿಲ್ಲದೆ ಇಳಿಜಾರಾಗಿ ಜಾರುತ್ತಿದ್ದರೆ ಅದೇ ಸೋರಿಕೆ. ಮೂರು ತಾಸಿಗೆ ಎರಡು ಸೆಂಟಿಮೀಟರ್ ಅಂದರೆ 16 ಲೀಟರ್. ದಿನಕ್ಕೆ ಎಂಟು ಪಟ್ಟು ಮಾಡಿಕೊಳ್ಳಿ.

ಮಟ್ಟ ಅಳೆಯಲಿಕ್ಕೆ ಅಲ್ಟ್ರಾಸಾನಿಕ್ ತಗೊಳ್ಳಿ. ಟಾಕಿಯ ಮುಚ್ಚಳಕ್ಕೆ ಕೂತು ಕೆಳಗೆ ಶಬ್ದ ಬಿಡುತ್ತದೆ. ನಮ್ಮ ಕಿವಿಗೆ ಅದು ಕೇಳಿಸುವುದಿಲ್ಲ. ನೀರಿಗೆ ಬಡಿದು ಮರಳಿ ಬರುವ ಹೊತ್ತಿನ ಮೇಲೆ ದೂರ ಲೆಕ್ಕ ಹಾಕುತ್ತದೆ. ಕಂಬಿ ಇಳಿಬಿಡುವ ಹಳೆ ತರಹದ್ದು ಬೇಡ. ಸವಳು ನೀರಿನಲ್ಲಿ ಕಂಬಿ ಬೇಗ ತುಕ್ಕು ತಿನ್ನುತ್ತದೆ, ಪೊರೆ ಕಟ್ಟುತ್ತದೆ. ಪೈಪ್ ಕತ್ತರಿಸಿ ಕೂರಿಸುವ ಚಕ್ರದ ಫ್ಲೋ ಸೆನ್ಸರಿಗೂ ಅದೇ ಗತಿ. ನಾನು ಕೂರಿಸಿದ ಒಂದನ್ನು ಎಂಟು ತಿಂಗಳಿಗೆ ಬಿಚ್ಚಿದರೆ ಚಕ್ರ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ನಿಂತೇ ಬಿಟ್ಟಿತ್ತು. ಮತ್ತೆ ಅರ್ಧ ಇಂಚಿನ ಅಗ್ಗದ ಫ್ಲೋ ಸೆನ್ಸರುಗಳು ನಿಮಿಷಕ್ಕೆ ಒಂದು ಲೀಟರಿಗಿಂತ ಕಡಿಮೆ ಹರಿದರೆ ಸರಿಯಾಗಿ ಎಣಿಸುವುದಿಲ್ಲ. ನಿಮ್ಮ ಕೇಸರಿ ದಾರ ಅದರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅಲ್ಟ್ರಾಸಾನಿಕ್‌ಗೆ ಎರಡು ದೌರ್ಬಲ್ಯ ಇವೆ. ಅಗ್ಗದವು 20ರಿಂದ 25 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಓದುವುದಿಲ್ಲ. ಟಾಕಿ ತುಂಬಿದಾಗ ನೀರು ಮುಚ್ಚಳಕ್ಕೆ ತಾಗುವಷ್ಟು ಬರುತ್ತಲ್ವಾ? ಆಗ ಏನೇನೋ ಅಂಕಿ ತೋರಿಸುತ್ತದೆ. ಅದಕ್ಕೆ ಮುಚ್ಚಳದ ಮೇಲೆ ಅಗಲದ ಪೈಪಿನ ತುಂಡು ನಿಲ್ಲಿಸಿ, ಸೆನ್ಸರನ್ನು ಅದರ ತಲೆಗೆ ಕೂರಿಸುತ್ತೇನೆ.

ಎರಡನೆಯದು ಬಿಸಿಲು. ಇದರಿಂದ ನಾನು ಒಮ್ಮೆ ಸರಿಯಾಗಿ ಮೋಸ ಹೋದೆ. ಗಾಳಿ ಬಿಸಿಯಾದಷ್ಟೂ ಶಬ್ದ ಬೇಗ ಓಡುತ್ತದೆ, ತಂಪಾದರೆ ನಿಧಾನ. ನಮ್ಮ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಟಾಕಿಯೊಳಗಿನ ಗಾಳಿ ಇನ್ನೂ ಬಿಸಿ. ರಾತ್ರಿ ಅದು ತಣ್ಣಗಾದಾಗ ಶಬ್ದ ಮರಳಲು ಹೆಚ್ಚು ಹೊತ್ತು ಬೇಕು. ನೀರು ದೂರ ಹೋಯಿತು, ಅಂದರೆ ಮಟ್ಟ ಇಳಿಯಿತು ಅಂತ ಸೆನ್ಸರ್ ತಿಳಿದುಕೊಳ್ಳುತ್ತದೆ. 20 ಡಿಗ್ರಿ ಫರಕಾದರೆ 60 ಸೆಂಟಿಮೀಟರ್ ದೂರಕ್ಕೆ ಎರಡು ಸೆಂಟಿಮೀಟರ್ ಸುಳ್ಳು ಇಳಿತ ಬರುತ್ತದೆ. ಒಬ್ಬರ ಮನೆಯಲ್ಲಿ ಸಂಜೆಯ ಅಂಕಿಗೂ ಬೆಳಗಿನ ಅಂಕಿಗೂ ತಾಳೆ ಹಾಕಿ "ಸೋರುತ್ತಿದೆ" ಅಂದೆ. ಬಚ್ಚಲಿನ ಎರಡು ಟೈಲ್ಸ್ ಒಡೆಸಿದೆ. ಒಳಗೆ ಒಣ ಸಿಮೆಂಟು! ಟೈಲ್ಸ್ ದುಡ್ಡು ನಾನೇ ಕೊಟ್ಟೆ. ಅವತ್ತಿನಿಂದ ಉಷ್ಣಾಂಶ ನೋಡಿ ತಿದ್ದಿಕೊಳ್ಳುವ ಸೆನ್ಸರನ್ನೇ ತರುತ್ತೇನೆ. ಲೆಕ್ಕವನ್ನೂ ನಡುರಾತ್ರಿ ದಾಟಿದ ಮೇಲಿನ ಮೂರು ತಾಸಿನಲ್ಲೇ ಮಾಡುತ್ತೇನೆ.

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ಸರ್, ನಮ್ಮ ತೊಂದರೆ ಉಲ್ಟಾ. ನೀರು ಕಡಿಮೆ ಬೀಳುತ್ತಿಲ್ಲ, ಗೋಡೆ ಮಾತ್ರ ತೇವ. ಹಾಲಿನ ಗೋಡೆಯ ಕೆಳಗೆ ಗಿಲಾವ್ ಉಬ್ಬಿ ಉದುರುತ್ತಿದೆ. ಆಚೆ ಬದಿ ಬಚ್ಚಲಿದೆ. ಗೌಂಡಿ "ಮಳೆ ನೀರು" ಅನ್ನುತ್ತಾನೆ, ಪ್ಲಂಬರ್ "ಪೈಪ್" ಅನ್ನುತ್ತಾನೆ. ಸೆನ್ಸರ್ ಇಟ್ಟು ತೀರ್ಮಾನ ಮಾಡಬಹುದಾ?

ಉತ್ತರ

ಇಬ್ಬರೂ ತಮ್ಮ ತಮ್ಮ ಕೆಲಸ ನೋಡಿಕೊಂಡೇ ಹೇಳುತ್ತಿದ್ದಾರೆ ಅಂತ ಅನ್ನಿಸುತ್ತೆ! ನೆಲದ ಸೆನ್ಸರಿಗೆ ಗೋಡೆಯೊಳಗಿನ ತೇವ ತಿಳಿಯುವುದಿಲ್ಲ. ಎರಡು ಮೊಳೆಗೂ ನೀರು ತಾಗಬೇಕಲ್ಲ. ಬೆಳಗಾವಿ ಮಳೆಗೆ ಗೋಡೆ ತೇವ ಹಿಡಿಯೋದು ಸಹಜ. ಆದರೆ ಮಳೆಯ ತೇವ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಒಣಗಬೇಕು. ಮೇ ತಿಂಗಳಲ್ಲೂ ಕೈಗೆ ತಣ್ಣಗೆ ಹತ್ತಿದರೆ ನಳದ ಪೈಪನ್ನೋ ಬಚ್ಚಲಿನ ನೀರು ಹೊರಹೋಗುವ ಪೈಪನ್ನೋ ಸಂಶಯಪಡಿ.

ನಿಮ್ಮ ಊರಿನ ಕೆಲವು ವಾರ್ಡುಗಳಲ್ಲಿ 24 ತಾಸು ನೀರು, ಮೀಟರ್ ಎರಡೂ ಇವೆ. ನಿಮ್ಮದೂ ಆ ವಾರ್ಡ್ ಆಗಿದ್ದರೆ, ನಳದ ನೀರು ನೇರ ಪೈಪಿಗೆ ಬರುತ್ತಿದ್ದರೆ, ಮನೆಯ ಎಲ್ಲ ನಳ ಬಂದ್ ಮಾಡಿ ಮೀಟರಿನ ಪುಟ್ಟ ಚಕ್ರ ನೋಡಿ. ಅದು ತಿರುಗುತ್ತಿದ್ದರೆ ಪ್ಲಂಬರ್ ಗೆದ್ದ. ಟಾಕಿಯಿಂದ ಬಳಸುವ ಮನೆಯಾದರೆ ಪ್ರೆಶರ್ ಟೆಸ್ಟ್ ಮಾಡಿಸಿ. ಕೈ ಪಂಪಿನಿಂದ ಪೈಪಿಗೆ ಒತ್ತಡ ಕೊಟ್ಟು, ಒತ್ತಡ ತೋರಿಸುವ ಮುಳ್ಳು ಇಳಿಯುತ್ತಾ ಅಂತ ನೋಡುತ್ತಾರೆ. ಮುಳ್ಳು ನಿಂತಲ್ಲೇ ನಿಂತರೆ ಪೈಪ್ ಗಟ್ಟಿ. ಉಳಿಯೋದು ಬಚ್ಚಲಿನ ನೆಲದ ಸಂದಿ, ಗಟಾರದ ಪೈಪು, ಮಳೆ. ಟೆಸ್ಟ್ ಆಗುವವರೆಗೆ ಯಾರಿಗೂ ಗೋಡೆ ಒಡೆಯಲು ಬಿಡಬೇಡಿ.

ಪ್ರಶ್ನೆ (ನವನಗರ, ಬಾಗಲಕೋಟೆ)

ಅಣ್ಣಾ, ನಾವು ಬಾಡಿಗೆ ಮನೆಯವರು. ಪೈಪ್ ಮುಟ್ಟಿದರೆ ಮಾಲೀಕರು ಬೈಯುತ್ತಾರೆ. ಅವ್ವ ಒಬ್ಬರೇ ಇರುತ್ತಾರೆ, ನಾನು ಡ್ಯೂಟಿಗೆ ಹೋಗುತ್ತೇನೆ. ಹೋದ ತಿಂಗಳು ಆರ್‌ಓ ಪೈಪ್ ಕಳಚಿ ಅಡುಗೆಮನೆ ತುಂಬಾ ನೀರು. ಅವ್ವ ಜಾರಿ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ನನಗೆ ನೆಲದ ಸೆನ್ಸರ್ ಉಪಯೋಗ ಆಗುತ್ತಾ?

ಉತ್ತರ

ತಂಗೀ, ನಿಮ್ಮಂಥ ಮನೆಗೇ ಅದು ಇರೋದು. ಯಾವುದನ್ನೂ ಕತ್ತರಿಸಬೇಕಿಲ್ಲ. ಆರ್‌ಓ ಕೆಳಗೆ ಒಂದು, ವಾಷಿಂಗ್ ಮಷೀನ್ ಹಿಂದೆ ಒಂದು, ಸಿಂಕಿನ ಕಪಾಟಿನಲ್ಲಿ ಒಂದು. ಇಡುವ ಮೊದಲು ಅಲ್ಲಿ ಒಂದು ತಂಬಿಗೆ ನೀರು ಚೆಲ್ಲಿ ಯಾವ ಕಡೆ ಹರಿಯುತ್ತದೆ ನೋಡಿ. ನೆಲದ ಇಳಿಜಾರು ನಾವು ಅಂದುಕೊಂಡ ಕಡೆ ಇರುವುದೇ ಇಲ್ಲ.

ಡಬ್ಬಿಯಲ್ಲೇ ಜೋರಾಗಿ ಕೂಗುವ ಬಜರ್ ಇರೋದನ್ನೇ ತಗೊಳ್ಳಿ. ಫೋನಿಗೆ ಮಾತ್ರ ಸುದ್ದಿ ಬಂದರೆ ಡ್ಯೂಟಿಯಲ್ಲಿರುವ ನಿಮಗೆ ಸುಮ್ನೆ ಗಾಬರಿ. ಎದುರಿಗಿರುವ ಅವ್ವನಿಗೇ ಗೊತ್ತಾಗುವುದಿಲ್ಲ. ಕೂಗಿದರೆ ಅಡುಗೆಮನೆಗೆ ಕಾಲಿಡದೆ ಮೊದಲು ನಿಮಗೆ ಫೋನ್ ಮಾಡಲಿ ಅಂತ ಹೇಳಿಕೊಡಿ.

ಕರೆಂಟ್ ಹೋದರೆ ವೈಫೈ ಪೆಟ್ಟಿಗೆಯೂ ಸತ್ತ ಹಾಗೆ. ಅದಕ್ಕೆ ಸಣ್ಣ ಬ್ಯಾಟರಿ ಬ್ಯಾಕಪ್ ಹಾಕಿ. ವೈಫೈ ಬದಲು ಝಿಗ್‌ಬೀ ಅನ್ನುವ ಬೇರೆ ವೈರ್‌ಲೆಸ್ ತರಹದ ಸೆನ್ಸರ್ ಆದರೆ, ಸುದ್ದಿ ದಾಟಿಸಲಿಕ್ಕೆ ಹಬ್ ಅಂತ ಇನ್ನೊಂದು ಪೆಟ್ಟಿಗೆ ಬೇಕು, ಅದಕ್ಕೂ ಬ್ಯಾಕಪ್ ಕೊಡಿ. ಝಿಗ್‌ಬೀಯಲ್ಲಿ ಬಟನ್ ಸೆಲ್ ಜಾಸ್ತಿ ದಿನ ಬರುತ್ತದೆ. ಆದರೂ ತಿಂಗಳಿಗೊಮ್ಮೆ ಒದ್ದೆ ಬೆರಳು ಎರಡೂ ಮೊಳೆಗೆ ತಾಗಿಸಿ ಕೂಗಿಸಿ. ನೆಲ ಒರೆಸುವಾಗ ಸುಳ್ಳೇ ಕೂಗುತ್ತದೆ. ಆಗ ಎತ್ತಿಡಿ, ಆದರೆ ವಾಪಸ್ ಇಡೋದು ಮರೆಯಬೇಡಿ. ನಾನು ನೋಡಿದ ಸೆನ್ಸರುಗಳಲ್ಲಿ ಅರ್ಧದಷ್ಟು ಫ್ರಿಜ್ ಮೇಲೆ ಕೂತಿರುತ್ತವೆ.

ಆಶ್ರಮ ರಸ್ತೆಯವರು

ವಾಲ್ವ್ ಕೊನೆಗೆ ಅಂದಿರಲ್ಲ, ಅದ್ಯಾಕೆ? ಮಗ ವಿಡಿಯೊ ಕಳಿಸಿದ್ದಾನೆ, ಅಮೆರಿಕದಲ್ಲಿ ಮನೆಗಳಿಗೆ ಹಾಕಿಸುತ್ತಾರಂತೆ.

ಉತ್ತರ

ಅಲ್ಲಿ ರಸ್ತೆಯ ಪೈಪಿನಿಂದ ಒತ್ತಡದ ನೀರು ಸೀದಾ ಮನೆಯೊಳಗೆ ಬರುತ್ತದೆ. ಬಾಗಿಲಲ್ಲಿ ಒಂದು ವಾಲ್ವ್ ಬಂದಾದರೆ ಇಡೀ ಮನೆಗೆ ನೀರು ನಿಂತಿತು. ನಿಮ್ಮಲ್ಲಿ ನಳದ ವಾಲ್ವ್ ಬಂದ್ ಮಾಡಿದರೆ ಏನಾಯ್ತು? ಟಾಕಿಯ ಸಾವಿರ ಲೀಟರ್ ಹಾಗೇ ಸೋರುತ್ತಿರುತ್ತದೆ. ವಾಲ್ವ್ ಟಾಕಿಯ ಕೆಳಗೆ ಕೂರಬೇಕು. ಅಲ್ಲಿ ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು, ಸೋಲಾರಿಗೆ ಒಂದು ಅಂತ ಮೂರು ಪೈಪ್ ಇಳಿದಿರುತ್ತವೆ. ಮೂರಕ್ಕೂ ಹಾಕುವವರು ಯಾರು?

ಸೋಲಾರಿನ ಪೈಪಿಗಂತೂ ತಾನೇ ಬಂದಾಗುವ ವಾಲ್ವ್ ಬೇಡವೇ ಬೇಡ. ತಣ್ಣೀರು ನಿಂತು ಗಾಜಿನ ಕೊಳವೆ ಬರಿದಾಗಿ ಬಿಸಿಲಿಗೆ ಕಾದರೆ, ಮತ್ತೆ ನೀರು ಬಿಟ್ಟಾಗ ಪಟ್ ಅಂತ ಸೀಳಬಹುದು. ಅಡುಗೆಮನೆಯ ಪೈಪಿಗೆ ಬೇಕಿದ್ದರೆ ಒಂದು ಹಾಕಿ. ಬಾಲ್ ವಾಲ್ವಿನ ಹಿಡಿಕೆಯನ್ನು ಹಿಡಿದು ತಿರುಗಿಸುವ ಮೋಟರ್ ಸಿಗುತ್ತದೆ, ಪೈಪ್ ಕತ್ತರಿಸುವ ಕೆಲಸ ಇಲ್ಲ. ವಾರಕ್ಕೊಮ್ಮೆ ತಾನೇ ಒಮ್ಮೆ ಮುಚ್ಚಿ ತೆರೆಯುವ ಹಾಗೆ ಹೊತ್ತು ಇಟ್ಟುಬಿಡಿ. ಇಲ್ಲದಿದ್ದರೆ ಸವಳಿಗೆ ಬಿಗಿಯಾಗಿ, ಬೇಕಾದ ದಿನ ತಿರುಗುವುದೇ ಇಲ್ಲ.

ಇನ್ನೊಂದು ಮಾತು. ಶವರ್ ಜೋರಾಗಿ ಬರಲಿ ಅಂತ ಈಗ ಎಲ್ಲರೂ ಪ್ರೆಶರ್ ಪಂಪ್ ಕೂರಿಸುತ್ತಿದ್ದಾರೆ. ಒತ್ತಡ ನಾಲ್ಕು ಪಟ್ಟಾದರೆ ಅದೇ ತೂತಿನಿಂದ ಎರಡು ಪಟ್ಟು ನೀರು ಸೋರುತ್ತದೆ, ಹಳೆ ಜೋಡಣೆಯೂ ಸಡಿಲಾಗುತ್ತದೆ. ಹಿಂದೆ ನಿಮ್ಮ ವಿಜಯಪುರದ ಬೇಗಂ ತಾಲಾಬ್ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ತಂದವರು ದಾರಿಯುದ್ದಕ್ಕೂ ಗಂಜ್, ಅಂದರೆ ನೀರಿನ ಗೋಪುರ, ಕಟ್ಟಿದ್ದು ಒತ್ತಡ ಇಳಿಸಲಿಕ್ಕೆ. ನಾವು ಪಂಪ್ ಇಟ್ಟು ಏರಿಸುತ್ತಿದ್ದೇವೆ. ಪಂಪ್ ಇದ್ದವರು ಒಂದು ಪರೀಕ್ಷೆ ಮಾಡಿ: ಎಲ್ಲ ನಳ ಬಂದ್ ಇದ್ದರೂ ರಾತ್ರಿ ಪಂಪ್ ಆಗಾಗ ಗುರ್ ಅಂದು ನಿಂತರೆ, ಎಲ್ಲೋ ಸೋರುತ್ತಿರಬೇಕು, ಇಲ್ಲ ಪಂಪಿನ ಒಳಗಿನ ವಾಲ್ವ್ ಹಿಡಿಯುತ್ತಿಲ್ಲ. ಸೆನ್ಸರ್ ಇಲ್ಲದೆಯೇ ಅದು ಹೇಳುತ್ತಿದೆ.

ಆಶ್ರಮ ರಸ್ತೆಯವರು

ನಮಗೆ ಪಂಪ್ ಇಲ್ಲ, ಬಚಾವ್. ಟಾಕಿಯ ಸೆನ್ಸರ್ ಒಂದೇ ಕಳಿಸು ಅಂತ ಮಗನಿಗೆ ಹೇಳಿದೆ. ಫ್ಲಶ್ಶಿನ ವಾಷರ್ ಯಾವ ಸೈಜ್ ತರಬೇಕು ರೀ?

ಉತ್ತರ

ಸೈಜ್ ಹೇಳಿದರೆ ತಪ್ಪಾಗುತ್ತದೆ ಕಾಕಾ, ಕಂಪನಿಗೊಂದು ತರಹ. ಹಳೆಯದನ್ನು ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಪಕ್ಕಕ್ಕಿಟ್ಟು ತಾಳೆ ನೋಡಿ. ಮೂರು ತನ್ನಿ, ಕೆಳಗಿನ ಎರಡೂ ಅದೇ ವಯಸ್ಸಿನವು. ಅದು ಬರುವವರೆಗೆ ಮೇಲಿನ ಕಮೋಡಿನ ಪಕ್ಕದ ಆಂಗಲ್ ವಾಲ್ವ್ ಬಂದ್ ಮಾಡಿಡಿ.