ಗಿಟ್‌ಲ್ಯಾಬ್ 15.0 ಇಂದ 17ಕ್ಕೆ ಅಪ್‌ಗ್ರೇಡ್: ಡೆಬ್ ಫೈಲ್ ಇನ್‌ಸ್ಟಾಲ್ ಆಗ್ತಿಲ್ಲ

ರಾಗಿರೊಟ್ಟಿ_ರೂಟ್:
ಎಲ್ಲರಿಗೂ ನಮಸ್ಕಾರ. ಆಫೀಸಿನ ಒಳಗಿನ ನೆಟ್‌ವರ್ಕ್‌ನಲ್ಲಿ ಒಂದು ಗಿಟ್‌ಲ್ಯಾಬ್ ಸಿಇ (ಕೋಡ್ ಇಟ್ಟು ನೋಡಿಕೊಳ್ಳುವ ತಂತ್ರಾಂಶದ ಉಚಿತ ಆವೃತ್ತಿ) ಸರ್ವರ್ ಇದೆ. ಉಬುಂಟು 20.04, ಗಿಟ್‌ಲ್ಯಾಬ್ 15.0.5, ಆಮ್ನಿಬಸ್ ಪ್ಯಾಕೇಜ್ (ಬೇಕಾದದ್ದೆಲ್ಲ ಒಟ್ಟಿಗೆ ಬರುವ ಕಟ್ಟು). ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು, ಈಗ ನನ್ನ ತಲೆಗೆ ಬಂದಿದೆ. ಸರ್ವರ್‌ಗೆ ಇಂಟರ್‌ನೆಟ್ ಇಲ್ಲ. ಹಾಗಾಗಿ 17.0ರ ಡೆಬ್ ಫೈಲನ್ನು (ಉಬುಂಟುವಿನ ಇನ್‌ಸ್ಟಾಲ್ ಫೈಲ್) ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ತಂದು ಡಿಪಿಕೆಜಿ (ಅದನ್ನು ಇನ್‌ಸ್ಟಾಲ್ ಮಾಡುವ ಕಮಾಂಡ್) ಕೊಟ್ಟೆ. 'ಗಿಟ್‌ಲ್ಯಾಬ್ ಪ್ರೀಇನ್‌ಸ್ಟಾಲ್' ಅಂತ ಶುರುವಾಗಿ, ಮೊದಲು 16.11ರ ಕೊನೆಯ ಆವೃತ್ತಿಗೆ ಹೋಗಿ ಬನ್ನಿ ಎಂದು ಹೇಳಿ ನಿಂತುಬಿಟ್ಟಿತು. ಸರ್ವರ್‌ಗೆ ಏನಾದರೂ ಪೆಟ್ಟಾಗಿದೆಯಾ? 16.11 ಹಾಕಿ, ಆಮೇಲೆ 17 ಹಾಕಿದರೆ ಸಾಕಾ?

ಕಡಲತೀರ_ಕರ್ನಲ್:
ಪೆಟ್ಟೇನೂ ಆಗಿಲ್ಲ ಸರ್. ಫೈಲುಗಳನ್ನು ಬಿಚ್ಚುವ ಮೊದಲೇ ತಡೆದಿದೆ. ಹಳೆಯ 15.0.5 ಹಾಗೇ ಓಡುತ್ತಿರಬೇಕು, ಬ್ರೌಸರ್‌ನಲ್ಲಿ ನೋಡಿ.

ಆದರೆ ಆ ಮೆಸೇಜ್ ಹೇಳುವುದು ಅರ್ಧ ಮಾತ್ರ. 17ಕ್ಕೆ ಮುಂಚಿನ ನಿಲ್ದಾಣ ಯಾವುದು ಅಂತ ಹೇಳುತ್ತೆ, ಅದಕ್ಕೂ ಮುಂಚೆ ಎಲ್ಲೆಲ್ಲಿ ಇಳಿಯಬೇಕು ಅಂತ ಹೇಳಲ್ಲ. ನಿಮ್ಮ ದಾರಿ ಹೀಗೆ: 15.4.6, 15.11.13, ಆಮೇಲೆ 16.3, 16.7, 16.11. ಪ್ರತಿಯೊಂದರಲ್ಲೂ ಕೊನೆಯ ಪ್ಯಾಚ್ ತಗೊಳ್ಳಿ. 16.11ರಿಂದ 17.0ಗೆ ಹೋಗುವ ಬದಲು ನೇರ 17.3ಕ್ಕೆ ಹೋಗಿ. ಸಿಐ (ಕೋಡನ್ನು ತಾನಾಗೇ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ಪೈಪ್‌ಲೈನ್ ಮೆಸೇಜ್‌ಗಳ ಟೇಬಲ್ ಭಾರಿ ದೊಡ್ಡದಿದ್ದರೆ ಮಾತ್ರ ನಡುವೆ 17.1 ಬೇಕು. ಎನ್‌ಪಿಎಂ (ಜಾವಾಸ್ಕ್ರಿಪ್ಟ್) ಪ್ಯಾಕೇಜ್‌ಗಳನ್ನು ಇದರಲ್ಲೇ ಇಟ್ಟಿದ್ದರೆ, ಅಥವಾ ಬಳಕೆದಾರರು ತುಂಬಾ ಜಾಸ್ತಿ ಇದ್ದರೆ, 16.0ದಿಂದ 16.2ರವರೆಗೂ ಒಂದೆರಡು ಕಡೆ ಇಳಿಯಬೇಕಾಗುತ್ತೆ.

ಪೆನ್‌ಡ್ರೈವ್ ವಿಷಯದಲ್ಲಿ ಒಂದು ಎಚ್ಚರ. ಉಬುಂಟು 20.04ರ ಫೋಕಲ್ ಪ್ಯಾಕೇಜಿಗೂ 22.04ರ ಜ್ಯಾಮಿ ಪ್ಯಾಕೇಜಿಗೂ ಫೈಲಿನ ಹೆಸರು ಒಂದೇ, ಅಕ್ಷರಕ್ಕಕ್ಷರ. ಇಳಿಸುವಾಗಲೇ ಫೋಕಲ್ ಅಂತ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಆಮೇಲೆ ಹೆಸರು ನೋಡಿ ಗೊತ್ತಾಗಲ್ಲ.

ರಾಗಿರೊಟ್ಟಿ_ರೂಟ್:
ಇಷ್ಟು ಮೆಟ್ಟಿಲಾ! ಬ್ಯಾಕಪ್ ಬಗ್ಗೆ ಕೇಳಬೇಕಿತ್ತು. ಅಪ್‌ಗ್ರೇಡ್ ಮಾಡುವಾಗ ಗಿಟ್‌ಲ್ಯಾಬೇ ಬ್ಯಾಕಪ್ ತಗೊಳ್ಳುತ್ತೆ ಅಂತ ಓದಿದೆ. ಅದೇ ಸಾಕಲ್ವಾ?

ಕಡಲತೀರ_ಕರ್ನಲ್:
ಸಾಲದು. ಅದು ತಗೊಳ್ಳುವುದು ಡೇಟಾಬೇಸ್ ಮಾತ್ರ, ರೆಪೊಗಳನ್ನು (ಕೋಡ್ ಇರುವ ಸಂಗ್ರಹಗಳನ್ನು) ಮುಟ್ಟಲ್ಲ. ಗಿಟ್‌ಲ್ಯಾಬ್-ಬ್ಯಾಕಪ್ ಕ್ರಿಯೇಟ್ ಅಂತ ನೀವೇ ಕೊಡಿ. ಅದು ಮಾಡಿಕೊಡುವ ಟಾರ್ ಫೈಲಿನಲ್ಲೂ ಎರಡು ಫೈಲ್ ಇರಲ್ಲ: ಗಿಟ್‌ಲ್ಯಾಬ್.ಆರ್‌ಬಿ ಮತ್ತು ಗಿಟ್‌ಲ್ಯಾಬ್-ಸೀಕ್ರೆಟ್ಸ್.ಜೇಸನ್. ಎರಡೂ ಇಟಿಸಿ ಒಳಗಿನ ಗಿಟ್‌ಲ್ಯಾಬ್ ಫೋಲ್ಡರ್‌ನಲ್ಲಿವೆ. ಕಾಪಿ ಮಾಡಿ ಬೇರೆ ಕಡೆ ಇಡಿ. ಸೀಕ್ರೆಟ್ಸ್ ಫೈಲ್ ಹೋದರೆ ರೆಪೊಗಳು ಬರುತ್ತವೆ, ಆದರೆ ಎರಡು ಹಂತದ ಲಾಗಿನ್ ಹಾಕಿಕೊಂಡವರೆಲ್ಲ ಹೊರಗೇ ನಿಲ್ಲುತ್ತಾರೆ. ಸಿಐ ವೇರಿಯಬಲ್‌ಗಳನ್ನು ಓದಲು ಆಗಲ್ಲ. ರನ್ನರ್ (ಸಿಐ ಕೆಲಸಗಳನ್ನು ಓಡಿಸುವ ಪ್ರೋಗ್ರಾಂ) ಟೋಕನ್‌ಗಳದ್ದೂ ಅದೇ ಕಥೆ.

15.0.5ರ ಡೆಬ್ ಫೈಲ್ ಕೂಡ ಇಟ್ಟುಕೊಳ್ಳಿ. ಬ್ಯಾಕಪ್ ಯಾವ ಆವೃತ್ತಿಯದ್ದೋ ಅದೇ ಆವೃತ್ತಿಯ ಮೇಲೆ ಮಾತ್ರ ವಾಪಸ್ ಹಾಕಬಹುದು. ಸಿಇ, ಇಇ (ಎಂಟರ್‌ಪ್ರೈಸ್ ಆವೃತ್ತಿ) ಕೂಡ ಹೊಂದಬೇಕು.

ಇನ್ನೊಂದು. ಹೊರಡುವ ಮೊದಲು ಅಡ್ಮಿನ್‌ನಲ್ಲಿ ಮಾನಿಟರಿಂಗ್, ಅದರ ಕೆಳಗೆ ಬ್ಯಾಕ್‌ಗ್ರೌಂಡ್ ಮೈಗ್ರೇಶನ್ಸ್ (ಹಿನ್ನೆಲೆಯಲ್ಲಿ ಡೇಟಾಬೇಸನ್ನು ಹೊಸ ರೂಪಕ್ಕೆ ತರುವ ಕೆಲಸಗಳು) ತೆರೆಯಿರಿ. ಕ್ಯೂ ಖಾಲಿ ಇದೆಯಾ ನೋಡಿ ಹೇಳಿ.

ಹಾಳು_ಹಾರ್ಡ್‌ಡಿಸ್ಕ್:
ಇಷ್ಟೆಲ್ಲ ಒದ್ದಾಡುವ ಬದಲು ಫೋರ್ಜೆಜೊ (ಗಿಟ್‌ಲ್ಯಾಬ್ ತರಹದ್ದೇ ಹಗುರವಾದ ತಂತ್ರಾಂಶ) ಹಾಕಿ ಗುರು. ಒಂದೇ ಬೈನರಿ. ನಿಲ್ಲಿಸು, ಬದಲಾಯಿಸು, ಓಡಿಸು, ಮುಗೀತು.

ಕಡಲತೀರ_ಕರ್ನಲ್:
ನಾನೂ ಮನೆಯಲ್ಲಿ ಅದನ್ನೇ ಓಡಿಸುತ್ತೇನೆ, ಆರಾಮಾಗಿದೆ. ರೆಪೊ, ಇಶ್ಯೂ, ಮರ್ಜ್ ರಿಕ್ವೆಸ್ಟ್‌ಗಳನ್ನು ಗಿಟ್‌ಲ್ಯಾಬಿನಿಂದ ಎಳೆದುಕೊಳ್ಳುತ್ತೆ ಕೂಡ. ಆದರೆ ಸಿಐ ಫೈಲುಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಆಫೀಸಿನವರು ಅದಕ್ಕೆ ಟೈಮ್ ಕೊಡುತ್ತಾರಾ?

ರಾಗಿರೊಟ್ಟಿ_ರೂಟ್:
ಕೊಡಲ್ಲ 🙂 ಕ್ಯೂನಲ್ಲಿ ಒಂದು ಮೈಗ್ರೇಶನ್ ಕೂತಿದೆ. ಶೇಕಡಾ 61 ಅಂತ ತೋರಿಸುತ್ತೆ. ಬೆಳಗ್ಗೆಯಿಂದ ಅಲ್ಲಾಡಿಲ್ಲ. ಸೈಡ್‌ಕಿಕ್ (ಹಿನ್ನೆಲೆ ಕೆಲಸಗಳನ್ನು ಮಾಡುವ ಪ್ರೋಗ್ರಾಂ) ಓಡುತ್ತಿದೆ, ಗಿಟ್‌ಲ್ಯಾಬ್-ಸಿಟಿಎಲ್ ಸ್ಟೇಟಸ್‌ನಲ್ಲಿ ನೋಡಿದೆ. ಇದನ್ನು ಬಿಟ್ಟು ಮುಂದೆ ಹೋಗಬಹುದಾ?

ಕಡಲತೀರ_ಕರ್ನಲ್:
ಬೇಡವೇ ಬೇಡ. ಈಗ ಬಿಟ್ಟರೆ ಮುಂದಿನ ಯಾವುದೋ ಮೆಟ್ಟಿಲಲ್ಲಿ ರೀಕಾನ್ಫಿಗರ್ (ಸೆಟ್ಟಿಂಗ್‌ಗಳನ್ನು ಮತ್ತೆ ಜಾರಿಗೆ ತರುವ ಹಂತ) ನಡುವೆಯೇ ನಿಲ್ಲುತ್ತೆ. ಮೈಗ್ರೇಶನ್ 'ಫಿನಿಶ್ಡ್' ಆಗಿರಬೇಕಿತ್ತು, 'ಆಕ್ಟಿವ್' ಆಗಿದೆ ಅಂತಲೋ 'ಪಾಜ್ಡ್' (ತಾತ್ಕಾಲಿಕವಾಗಿ ನಿಲ್ಲಿಸಿದ್ದು) ಆಗಿದೆ ಅಂತಲೋ ಉದ್ದದ ಎರರ್ ಬರುತ್ತೆ. ಅಷ್ಟು ಹೊತ್ತಿಗೆ ಹೊಸ ಪ್ಯಾಕೇಜ್ ಬಿಚ್ಚಿ ಆಗಿರುತ್ತೆ, ಡೇಟಾಬೇಸ್ ಅರ್ಧ ಹಳೇದು, ಅರ್ಧ ಹೊಸದು.

ಆ ಸಾಲಿನಲ್ಲಿ ಸ್ಟೇಟಸ್ ಏನಿದೆ? ಪಕ್ಕದಲ್ಲಿ ಪಾಜ್ ಮಾಡುವ ಎರಡು ಗೆರೆಯ ಗುರುತಿದೆಯಾ, ಪ್ಲೇ ಮಾಡುವ ತ್ರಿಕೋನ ಇದೆಯಾ?

ರಾಗಿರೊಟ್ಟಿ_ರೂಟ್:
ತ್ರಿಕೋನ. ಸ್ಟೇಟಸ್ 'ಪಾಜ್ಡ್'.

ಕಡಲತೀರ_ಕರ್ನಲ್:
ಸಿಕ್ಕಿತು ನೋಡಿ. ಯಾವತ್ತೋ ಸರ್ವರ್ ನಿಧಾನ ಆಗಿದೆ ಅಂತ ಯಾರೋ ಪಾಜ್ ಒತ್ತಿದ್ದಾರೆ. ಪಾಜ್ ಆದದ್ದು ಕೂಡ ಕ್ಯೂನಲ್ಲೇ ಕೂರುತ್ತೆ, ಅದಕ್ಕೇ ಓಡುತ್ತಿರುವ ಹಾಗೆ ಕಾಣುತ್ತೆ. ತ್ರಿಕೋನ ಒತ್ತಿ, ಮುಗಿಯುವವರೆಗೆ ಕಾಯಿರಿ. ಫೇಲ್ಡ್ ಟ್ಯಾಬ್ ಕೂಡ ಒಮ್ಮೆ ನೋಡಿ, ಏನಾದರೂ ಇದ್ದರೆ ರಿಟ್ರೈ ಬಟನ್ ಇರುತ್ತೆ.

ರಾಗಿರೊಟ್ಟಿ_ರೂಟ್:
ರಾತ್ರಿ ಮುಗಿಯಿತು. 15.4.6 ಆಯಿತು, ಅಲ್ಲೂ ಕ್ಯೂ ಖಾಲಿ ಆಗುವ ತನಕ ಕಾದು 15.11.13 ಹಾಕಿದೆ. ಈಗ 16.3 ರೀಕಾನ್ಫಿಗರ್ ಆಗುತ್ತಿಲ್ಲ. ಗಿಟ್‌ಲ್ಯಾಬ್.ಆರ್‌ಬಿಯಲ್ಲಿ ತೆಗೆದುಹಾಕಿದ ಸೆಟ್ಟಿಂಗ್ ಇದೆ ಅಂತ ನಿಂತಿದೆ, ಗ್ರಾಫಾನಾ (ಸರ್ವರ್ ಸ್ಥಿತಿಯ ಗ್ರಾಫ್ ತೋರಿಸುವ ತಂತ್ರಾಂಶ) ಹೆಸರು ತೋರಿಸುತ್ತಿದೆ.

ಕಡಲತೀರ_ಕರ್ನಲ್:
ಗಾಬರಿ ಬೇಡ. ಗಿಟ್‌ಲ್ಯಾಬ್ ಜೊತೆಗೇ ಬರುತ್ತಿದ್ದ ಗ್ರಾಫಾನಾವನ್ನು 16.3ರಲ್ಲಿ ತೆಗೆದರು. ಆ ಸಾಲುಗಳ ಮುಂದೆ ಹ್ಯಾಶ್ (#) ಹಾಕಿ, ಮತ್ತೆ ರೀಕಾನ್ಫಿಗರ್ ಕೊಡಿ. ಅಷ್ಟೇ.

ಮುಂದೆ ಕಾಡುವುದು ಪೋಸ್ಟ್‌ಗ್ರೆಸ್, ಅಂದರೆ ಗಿಟ್‌ಲ್ಯಾಬ್ ಬಳಸುವ ಡೇಟಾಬೇಸ್ ತಂತ್ರಾಂಶ. ಗಿಟ್‌ಲ್ಯಾಬ್ 16ಕ್ಕೆ ಕನಿಷ್ಠ 13 ಬೇಕು, 17ಕ್ಕೆ 14 ಬೇಕು. 15.11 ಹಾಕಿದಾಗ 13 ತಾನಾಗೇ ಆಗಿರುತ್ತೆ. 14 ಆಗಿದೆಯಾ ಅಂತ 16.11ರಲ್ಲಿ ಇರುವಾಗಲೇ ಗಿಟ್‌ಲ್ಯಾಬ್-ಪಿಎಸ್‌ಕ್ಯೂಎಲ್‌ಗೆ ವರ್ಶನ್ ಕೇಳಿ ನೋಡಿ. ಆಗಿಲ್ಲದಿದ್ದರೆ ಗಿಟ್‌ಲ್ಯಾಬ್-ಸಿಟಿಎಲ್ ಪಿಜಿ-ಅಪ್‌ಗ್ರೇಡ್ ಕೊಡಿ. ಅದು ಡೇಟಾಬೇಸಿನ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತೆ, ಹಾಗಾಗಿ ಡಿಸ್ಕ್‌ನಲ್ಲಿ ಅಷ್ಟು ಜಾಗ ಖಾಲಿ ಇರಬೇಕು. ಪೆನ್‌ಡ್ರೈವ್‌ನಿಂದ ತಂದ ಡೆಬ್ ಫೈಲುಗಳನ್ನು ಸರ್ವರ್‌ನಲ್ಲೇ ಇಟ್ಟಿದ್ದರೆ, ಹಾಕಿ ಆದವನ್ನು ಅಳಿಸಿ. 15.0.5 ಮತ್ತು ಬ್ಯಾಕಪ್ ತಗೊಂಡ ಆವೃತ್ತಿಯದ್ದನ್ನು ಬೇರೆ ಕಡೆ ಇಟ್ಟುಕೊಂಡು.

ರಾಗಿರೊಟ್ಟಿ_ರೂಟ್:
ಹ್ಯಾಶ್ ಹಾಕಿದ ಮೇಲೆ 16.3 ಎದ್ದಿತು. ಕ್ಯೂನಲ್ಲಿ ಒಂದಷ್ಟು ಇವೆ, ಎಲ್ಲ 'ಆಕ್ಟಿವ್', ಶೇಕಡಾವಾರು ಏರುತ್ತಿದೆ. ಕಾಯುವಾಗ ಡೆವಲಪರ್‌ಗಳು ಪುಶ್ ಮಾಡಬಹುದಾ? ರನ್ನರ್‌ಗಳನ್ನು ಯಾವಾಗ ಅಪ್‌ಗ್ರೇಡ್ ಮಾಡಲಿ?

ಕಡಲತೀರ_ಕರ್ನಲ್:
ಮಾಡಲಿ, ಬ್ಯಾಕ್‌ಗ್ರೌಂಡ್ ಮೈಗ್ರೇಶನ್ ನಡೆಯುವಾಗ ಕೆಲಸಕ್ಕೆ ತೊಂದರೆ ಇಲ್ಲ. ಸೈಟ್ ಡೌನ್ ಆಗುವುದು ಪ್ಯಾಕೇಜ್ ಹಾಕುವಾಗ ಮಾತ್ರ. ಆದರೆ ಮುಂದಿನ ಪ್ಯಾಕೇಜ್ ಹಾಕುವ ಮುಂಚೆ ಹೊಸ ಬ್ಯಾಕಪ್ ತಗೊಳ್ಳಿ, ಇಲ್ಲದಿದ್ದರೆ ಇವತ್ತಿನ ಪುಶ್‌ಗಳು ಹಳೆಯ ಟಾರ್ ಫೈಲಿನಲ್ಲಿ ಇರಲ್ಲ. ರನ್ನರ್‌ಗಳನ್ನು ಕೊನೆಗೆ, 17.3 ಆದ ಮೇಲೆ ಮುಟ್ಟಿ. ಸರ್ವರ್ ಯಾವ ಮೇಜರ್, ಮೈನರ್ ನಂಬರ್‌ನಲ್ಲಿದೆಯೋ ರನ್ನರ್ ಕೂಡ ಅದೇ ಇರಲಿ.