ಫೋಟೋದಲ್ಲಿ ಇಬ್ಬರೇ ಯಾಕೆ?

ಗುಂಪು: ನಮ್ಮ ಮನೆ
ಸೋಮವಾರ, 15 ಸೆಪ್ಟೆಂಬರ್ 2025

ದೊಡ್ಡಪ್ಪ: (ಫಾರ್ವರ್ಡ್ ಆದ ಚಿತ್ರ) “ಲಿವರ್‌ಪೂಲ್‌ನಲ್ಲಿ ಇತಿಹಾಸ! ವಿಶ್ವ ಬಾಕ್ಸಿಂಗ್‌ನಲ್ಲಿ ಮೊಟ್ಟಮೊದಲ ಬಾರಿಗೆ ಭಾರತಕ್ಕೆ ಚಿನ್ನ! ಜಾಸ್ಮಿನ್, ಮೀನಾಕ್ಷಿ ನಮ್ಮ ಹೆಮ್ಮೆ. ಹತ್ತು ಜನರಿಗೆ ಕಳಿಸಿ.”

ಅತ್ತೆ: ಎಷ್ಟು ಲಕ್ಷಣವಾಗಿದಾರೆ ಅಣ್ಣ ಹುಡುಗೀರು! ದೇವರು ಚೆನ್ನಾಗಿಟ್ಟಿರಲಿ.

ನಾನು: ದೊಡ್ಡಪ್ಪ, ಗೆದ್ದಿದ್ದು ನಿಜ, “ಮೊಟ್ಟಮೊದಲ” ಅನ್ನೋದು ತಪ್ಪು. ಮೇರಿ ಕೋಮ್ ಒಬ್ಬರೇ ಆರು ಸಲ ಗೆದ್ದಿದಾರೆ, 2002ರಲ್ಲಿ ಮೊದಲನೇದು, 2018ರಲ್ಲಿ ಕೊನೇದು. 2006ರಲ್ಲಿ ದೆಹಲಿಯಲ್ಲಿ ಅವರ ಜೊತೆ ಸರಿತಾ ದೇವಿ, ಜೆನ್ನಿ, ಕಣ್ಣೂರಿನ ಲೇಖಾ ಕೆ.ಸಿ. ಕೂಡ ಚಿನ್ನ ತಗೊಂಡ್ರು. 2022ರಲ್ಲಿ ಇಸ್ತಾಂಬುಲ್‌ನಲ್ಲಿ ನಿಖತ್ ಜರೀನ್. ಮಾರನೇ ವರ್ಷ ದೆಹಲಿಯಲ್ಲೇ ಮತ್ತೆ ನಾಲ್ಕು: ನಿಖತ್, ನೀತು, ಲವ್ಲಿನಾ, ಸವೀಟಿ. ಅಲ್ಲಿಗೆ ಎಂಟು ಜನ. ಜಾಸ್ಮಿನ್ ಒಂಬತ್ತನೆಯವರು, ಮೀನಾಕ್ಷಿ ಹತ್ತನೆಯವರು. ಹತ್ತೂ ಹೆಣ್ಮಕ್ಕಳೇ. ಗಂಡಸರಲ್ಲಿ ಇನ್ನೂ ಯಾರಿಗೂ ವಿಶ್ವ ಚಿನ್ನ ಬಂದಿಲ್ಲ, 2019ರಲ್ಲಿ ಅಮಿತ್ ಪಂಘಲ್‌ಗೆ ಬಂದ ಬೆಳ್ಳಿಯೇ ದೊಡ್ಡದು.

ದೊಡ್ಡಪ್ಪ: ಹೌದಲ್ಲ, ಮೇರಿ ಕೋಮ್ ನೆನಪಾಗಲೇ ಇಲ್ಲ ನೋಡು. ಕಣ್ಣೂರಿನ ಲೇಖಾ ಹೆಸರು ನಾನು ಕೇಳೇ ಇರಲಿಲ್ಲ.

ನಾನು: ಇನ್ನೊಂದು ದೊಡ್ಡಪ್ಪ. ಆ ಫೋಟೋದಲ್ಲಿ ಇಬ್ಬರೇ ಯಾಕೆ? ಬಂದಿದ್ದು ನಾಲ್ಕು ಪದಕ. ನೂಪುರ್‌ಗೆ ಬೆಳ್ಳಿ, ಪೂಜಾ ರಾಣಿಗೆ ಕಂಚು. ಅವರ ಹೆಸರೂ ಇಲ್ಲ. ಗಂಡಸರ ತಂಡ ಈ ಸಲ ಬರಿಗೈಲಿ ಬಂದಿದೆ, 2013ರ ನಂತರ ಇದೇ ಮೊದಲು. ಅಂಥಾ ಹೊತ್ತಲ್ಲಿ ಪದಕ ತಂದ ನಾಲ್ಕು ಜನರಲ್ಲಿ ಇಬ್ಬರನ್ನ ಬಿಟ್ಟುಬಿಡೋದಾ?

ಚಿಕ್ಕಪ್ಪ: ಪುಟ್ಟಿ, ಚಿನ್ನ ಗೆದ್ದೋರ ಫೋಟೋ ಹಾಕಿದಾರೆ, ಅದರಲ್ಲಿ ತಪ್ಪೇನಿದೆ? ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತವರಿಬ್ಬರಿಗೂ ಕಂಚು ಕೊಟ್ಟುಬಿಡ್ತಾರೆ. ಕುಸ್ತಿಯಲ್ಲಿ ಕಂಚು ಬೇಕಾದ್ರೆ ಮತ್ತೆ ಅಖಾಡಕ್ಕಿಳಿದು ಒಂದು ಪಂದ್ಯ ಗೆಲ್ಲಬೇಕು. ಸೋತಿದ್ದಕ್ಕೆ ಪದಕ ಅಂದ್ರೆ ನನಗೆ ಒಪ್ಪಿಗೆಯಾಗಲ್ಲ.

ನಾನು: ಚಿಕ್ಕಪ್ಪ, ಕುಸ್ತಿಯಲ್ಲಿ ತಲೆಗೆ ಗುದ್ದಲ್ಲ. ಇಲ್ಲಿ ಮೂರು ಮೂರು ನಿಮಿಷದ ಮೂರು ಸುತ್ತು, ತಲೆಗೆ ಏಟು ತಿಂತಾನೇ ಆಡಬೇಕು. ಹಾಗೆ ಸೋತು ಇಳಿದವರನ್ನ ಮರುದಿನ ಮತ್ತೆ ರಿಂಗ್ ಹತ್ತಿಸಿ “ಕಂಚಿಗೆ ಹೊಡೆದಾಡು” ಅನ್ನಬಾರದು ಅಂತಲೇ ಇಬ್ಬರಿಗೂ ಕೊಡೋದು. ಇದು ದಯೆ ಅಲ್ಲ, ಮಿದುಳು ಉಳಿಸೋ ನಿಯಮ. ಸೆಮಿಫೈನಲ್‌ವರೆಗೆ ಬರೋಕೂ ಗೆದ್ದೇ ಬರಬೇಕು ತಾನೇ?

ಚಿಕ್ಕಪ್ಪ: ಅದನ್ನ ಒಪ್ಪಿದೆ ಅನ್ಕೋ. ಆದರೆ ನೂಪುರ್ 80 ಕೆಜಿ ಮೇಲ್ಪಟ್ಟ ವಿಭಾಗ, ಪೂಜಾ 80 ಕೆಜಿ. ಎರಡೂ ಒಲಿಂಪಿಕ್ಸ್‌ನಲ್ಲಿ ಇಲ್ಲ. ಮೀನಾಕ್ಷಿಯ 48 ಕೂಡ ಇಲ್ಲ. 2028ರ ಲಾಸ್ ಏಂಜಲೀಸ್‌ಗೆ ಹೆಣ್ಮಕ್ಕಳ ತೂಕ 51ರಿಂದ ಶುರುವಾಗಿ 75ಕ್ಕೆ ಮುಗಿಯುತ್ತೆ. ಈ ನಾಲ್ಕರಲ್ಲಿ ಒಲಿಂಪಿಕ್ಸ್ ತೂಕ ಜಾಸ್ಮಿನ್ ಆಡಿದ 57 ಒಂದೇ. ನಾಳೆ ಒಲಿಂಪಿಕ್ಸ್‌ನಲ್ಲಿ ಪದಕ ಬರದೇ ಇದ್ದಾಗ ಇದೇ ಜನ ಬೈತಾರೆ, “ವಿಶ್ವ ಚಾಂಪಿಯನ್ ಆಗಿದ್ದು ಸುಳ್ಳಾ” ಅಂತ. ಅದಕ್ಕೇ ಹೇಳಿದ್ದು, ಸರಿಯಾಗಿ ತೂಗಿ ಹೊಗಳಬೇಕು.

ನಾನು: ತೂಕದ ಮಾತು ಪೂರ್ತಿ ಸರಿ ಚಿಕ್ಕಪ್ಪ, ಆ ಫಾರ್ವರ್ಡ್‌ನಲ್ಲಿ ಅದೂ ಇರಬೇಕಿತ್ತು. ಆದರೆ ಮೀನಾಕ್ಷಿ ಫೈನಲ್‌ನಲ್ಲಿ ಸೋಲಿಸಿದ್ದು ಕಜಕಿಸ್ತಾನದ ನಾಜಿಮ್ ಕೈಜೈಬೆಯನ್ನ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕೆಜಿಯಲ್ಲಿ ಕಂಚು ತಗೊಂಡವರು ಅವರು. ರೋಹ್ಟಕ್ ಹತ್ತಿರದ ರುರ್ಕಿಯಲ್ಲಿ ಆಟೋ ಓಡಿಸೋ ಅಪ್ಪನ ಮಗಳು, ಒಲಿಂಪಿಕ್ಸ್ ಪದಕ ಇದ್ದವರನ್ನ 4-1ರಲ್ಲಿ ಸೋಲಿಸಿದ್ದು. ತೂಕ ಒಲಿಂಪಿಕ್ಸ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಎದುರಾಳಿ ಸುಮ್ಮನೆ ಗುದ್ದಿಸಿಕೊಳ್ತಾರಾ?

ಅಣ್ಣ: ಜಾಸ್ಮಿನ್ ಕಥೆ ಇನ್ನೂ ದೊಡ್ಡದು. ಹೋದ ವರ್ಷ ಪ್ಯಾರಿಸ್‌ನಲ್ಲಿ ಮೊದಲ ಪಂದ್ಯದಲ್ಲೇ ಫಿಲಿಪ್ಪೀನ್ಸ್‌ನ ಪೆಟೆಸಿಯೊ ಕೈಲಿ ಸೋತು ವಾಪಸ್. ಈಗ ಫೈನಲ್‌ನಲ್ಲಿ ಸೋಲಿಸಿದ್ದು ಪೋಲೆಂಡ್‌ನ ಶೆರೆಮೆಟಾನ, ಅದೇ ಪ್ಯಾರಿಸ್‌ನ ಬೆಳ್ಳಿ ವಿಜೇತೆ.

ನಾನು: ನೂಪುರ್ ಫೈನಲ್ ನೋಡಿ ಚಿಕ್ಕಪ್ಪ. ಪೋಲೆಂಡ್‌ನ ಕಾಚ್ಮಾರ್ಸ್ಕಾ ಎದುರು 2-3. ಐದು ಜನ ತೀರ್ಪುಗಾರರಲ್ಲಿ ಇಬ್ಬರು ನೂಪುರ್ ಗೆದ್ದರು ಅಂತ ಬರೆದಿದ್ದಾರೆ. ಇನ್ನೊಬ್ಬರು ಹಾಗೇ ಬರೆದಿದ್ದರೆ ಅದೇ ಫಾರ್ವರ್ಡ್‌ನಲ್ಲಿ ಮೂರು ಫೋಟೋ ಇರ್ತಿತ್ತು. ಆ ಹುಡುಗಿಯ ತಾತ ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದವರು. ಹರಿಯಾಣದ ಭಿವಾನಿಯಲ್ಲಿ ಬಾಕ್ಸಿಂಗ್ ಬೇರು ಬಿಟ್ಟಿದ್ದೇ ಅವರಿಂದ. ಅಂಥ ಮನೆಯ ಹುಡುಗಿ, ಹೆಸರೇ ಇಲ್ಲ.

ಮ್ಯಾಂಚೆಸ್ಟರ್ ಅಕ್ಕ: ಪೂಜಾ ಸೆಮಿಫೈನಲ್ ದಿನ ನಾವು ಅಲ್ಲೇ ಇದ್ವಿ. ಎದುರಾಳಿ ಎಮಿಲಿ ಆಸ್ಕ್ವಿತ್ ಇಂಗ್ಲೆಂಡಿನವರು, ಇಡೀ ಅರೆನಾ ಅವರ ಪರ ಕೂಗ್ತಿತ್ತು. ನಮ್ಮ ಸಾಲಲ್ಲಿ ನಾವು ನಾಲ್ಕೇ ಜನ “ಪೂಜಾ, ಪೂಜಾ” ಅಂತ. ಸೋತರೂ ಹಿಂದೆ ಸರಿದಿಲ್ಲ ಚಿಕ್ಕ ಮಾವ. 34 ವರ್ಷ ಅವರಿಗೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 75 ಕೆಜಿಯಲ್ಲಿ ಕ್ವಾರ್ಟರ್‌ಫೈನಲ್ ಆಡಿದವರು, ಎರಡು ಸಲ ಏಷ್ಯನ್ ಚಾಂಪಿಯನ್.

ಅತ್ತೆ: ಈ ಪೂಜಾನೇ ಅಲ್ವಾ, ಅಪ್ಪನಿಗೆ ಗೊತ್ತಾಗದ ಹಾಗೆ ಬಾಕ್ಸಿಂಗ್ ಕಲಿತಿದ್ದು? ಮುಖಕ್ಕೆ ಏಟಾದ್ರೆ ಸ್ನೇಹಿತೆ ಮನೇಲಿ ಉಳಿದುಬಿಡ್ತಿದ್ಲಂತೆ.

ನಾನು: ಅವರೇ ಅತ್ತೆ.

ಅತ್ತೆ: ತಮ್ಮ, ಓಟದಲ್ಲಿ ಜಿಲ್ಲೆಗೆ ನಾನು ಮೂರನೇದು ಬಂದಿದ್ದೆ, ನಿನಗೆ ನೆನಪಿದೆಯೋ ಇಲ್ವೋ. ಮರುವರ್ಷ ಅಪ್ಪ ಕಳಿಸಲಿಲ್ಲ. ಆ ಸರ್ಟಿಫಿಕೇಟ್ ಬೀರುವಿನಲ್ಲಿ ಸೀರೆ ಕೆಳಗೆ ಈಗಲೂ ಇದೆ. ಮೂರನೇದು ಅಂತ ಒಂದು ದಿನಾನೂ ನನಗೆ ಕಡಿಮೆ ಅನ್ನಿಸಿಲ್ಲ.

ಚಿಕ್ಕಪ್ಪ: ನೆನಪಿದೆ ಅಕ್ಕ. ಬರಿಗಾಲಲ್ಲಿ ಓಡಿದ್ದೆ ನೀನು.

ಚಿಕ್ಕಪ್ಪ: ಸರಿ ಅಣ್ಣ, ನಾಲ್ಕೂ ಹೆಸರು ಹಾಕಿ. ಆದರೆ ಒಬ್ಬೊಬ್ಬರ ಮುಂದೆಯೂ ತೂಕ ಬರೀಬೇಕು. ಅದನ್ನ ಮಾತ್ರ ನಾನು ಬಿಡಲ್ಲ.

ನಾನು: ಅದು ಇರಲೇಬೇಕು ಚಿಕ್ಕಪ್ಪ.

ಈ ಮೆಸೇಜ್ ಅಳಿಸಲಾಗಿದೆ.

ದೊಡ್ಡಪ್ಪ: “ಲಿವರ್‌ಪೂಲ್ ವಿಶ್ವ ಬಾಕ್ಸಿಂಗ್, ಸೆಪ್ಟೆಂಬರ್ 2025. ಜಾಸ್ಮಿನ್ ಲಂಬೋರಿಯಾ, 57 ಕೆಜಿ, ಚಿನ್ನ. ಮೀನಾಕ್ಷಿ ಹೂಡಾ, 48 ಕೆಜಿ, ಚಿನ್ನ. ನೂಪುರ್ ಶಿಯೊರಾನ್, 80 ಕೆಜಿ ಮೇಲ್ಪಟ್ಟು, ಬೆಳ್ಳಿ. ಪೂಜಾ ರಾಣಿ, 80 ಕೆಜಿ, ಕಂಚು.” ಹತ್ತು ಜನರಿಗೆ ಕಳಿಸಿ ಅನ್ನೋ ಸಾಲು ತೆಗೆದಿದೀನಿ. ನಾಲ್ಕೂ ಜನ ಇರೋ ಫೋಟೋ ಸಿಗಲಿಲ್ಲ, ಯಾರ ಹತ್ರಾನಾದ್ರೂ ಇದೆಯಾ?

ಮ್ಯಾಂಚೆಸ್ಟರ್ ಅಕ್ಕ: ಪೂಜಾ ರಿಂಗ್‌ನಿಂದ ಇಳೀವಾಗ ನಾನು ತೆಗೆದದ್ದಿದೆ ದೊಡ್ಡ ಮಾವ. ಸ್ವಲ್ಪ ಅಲ್ಲಾಡಿದೆ, ಕಳಿಸ್ತೀನಿ ಇರಿ.